ಕಿತ್ತಳೆ ಚಿಗುರಿನಲ್ಲಿ ಬಿಳಿ ಎಳೆ: ಯಾವ ಹುಳ, ಫೋಟೋ ತೆಗೆಯೋದು ಹೇಗೆ?

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದು ಕಾಫಿ ತೋಟ. ನಡುನಡುವೆ ಕಿತ್ತಳೆ ಗಿಡಗಳಿವೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಆದ ಮೇಲೆ ಬಂದ ಚಿಗುರಿನಲ್ಲಿ ಬಿಳಿ ದಾರದಂಥ ಸಣ್ಣ ಎಳೆಗಳು ಕಾಣುತ್ತಿವೆ. ಎಲೆ ಮೇಲೆ ಎಳ್ಳಿನಷ್ಟು ಸಣ್ಣ ಕಂದು ಹುಳಗಳು ಹಿಂಭಾಗ ಎತ್ತಿಕೊಂಡು ಕೂತಿರುತ್ತವೆ. ಹತ್ತಿರ ಹೋದರೆ ಹಾರುತ್ತವೆ. ಮೊಬೈಲಲ್ಲಿ ತೆಗೆದ ಫೋಟೋ ಎಲ್ಲಾ ಮಸುಕು. ಇದು ಯಾವ ಹುಳ? ಗುರುತು ಸಿಗುವ ಹಾಗೆ ಫೋಟೋ ತೆಗೆಯುವುದು ಹೇಗೆ? ಪಕ್ಕದ ತೋಟದವರು ಕೂಡಲೇ ಔಷಧಿ ಹೊಡೆಯಿರಿ ಅನ್ನುತ್ತಾರೆ. ಹೊಡೆಯಬೇಕಾ?

ಉತ್ತರ: ಹಿಂಭಾಗ ಎತ್ತಿಕೊಂಡು ಕೂರುತ್ತವೆ ಅಂತ ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಕಿತ್ತಳೆ, ನಿಂಬೆ ಜಾತಿಯ ಗಿಡಗಳಲ್ಲಿ ತಲೆ ತಗ್ಗಿಸಿ, ಬೆನ್ನು ಮೇಲೆತ್ತಿ, ಎಲೆಗೆ ಸುಮಾರು 45 ಡಿಗ್ರಿ ಓರೆಯಾಗಿ ಕೂರುವ ಹುಳ ಸಿಟ್ರಸ್ ಸಿಲ್ಲಾ. ಶಾಸ್ತ್ರೀಯ ಹೆಸರು ಡಯಾಫೊರಿನಾ ಸಿಟ್ರಿ. ಜೊತೆಗೆ ಬಿಳಿ ಎಳೆ ಬೇರೆ ಇದೆ. ಹಾಗಾಗಿ ನನ್ನ ಅನುಮಾನ ಅದರ ಮೇಲೆಯೇ. ಆದರೂ ಬರೀ ಮಾತಿನ ಮೇಲೆ ತೀರ್ಮಾನ ಬೇಡ, ಫೋಟೋ ನೋಡಿ ಹೇಳುವುದು ಒಳ್ಳೆಯದು.

ಫೋಟೋ ಅಂದ ಕೂಡಲೇ ಎಲ್ಲರೂ ಆ ಹಾರುವ ಹುಳದ ಹಿಂದೆ ಬೀಳುತ್ತಾರೆ. ನನ್ನ ಕೇಳಿದರೆ ಅದು ಎರಡನೇ ಕೆಲಸ. ಮೊದಲು ಬೇಕಾಗಿರುವುದು ಚಿಗುರಿನ ತುದಿಯ ಫೋಟೋ. ಹಾರುವ ಹುಳ ಎಲ್ಲಿಂದಲೋ ಬಂದು ಸುಮ್ನೆ ಕೂತಿರಬಹುದು. ಮೊಟ್ಟೆ ಮತ್ತು ಮರಿ ಹಾಗಲ್ಲ. ಸಿಲ್ಲಾ ಮೊಟ್ಟೆ ಇಡುವುದು ಎಳೆ ಚಿಗುರಿನಲ್ಲಿ ಮಾತ್ರ. ಎಲೆ ಬಲಿತ ಮೇಲೆ ಅಲ್ಲಿ ಮೊಟ್ಟೆ ಇಡುವುದಿಲ್ಲ. ಆದ್ದರಿಂದ ತುದಿಯಲ್ಲಿ ಮರಿ ಕಂಡರೆ ಹುಳ ನಿಮ್ಮ ತೋಟದಲ್ಲೇ ಸಂಸಾರ ಹೂಡಿದೆ ಅಂತ ಅರ್ಥ.

ಒಂದು ಚಿಗುರನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ನೋಡಿ. 10 ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಮಸೂರ ಇದ್ದರೆ ಸಾಕು. ತುದಿಯಲ್ಲಿ ಇನ್ನೂ ಬಿಡಿಸಿಕೊಳ್ಳದ, ಗರಿಯ ಹಾಗೆ ಮಡಚಿಕೊಂಡ ಎಲೆಗಳಿರುತ್ತವೆ. ಆ ಮಡಿಕೆಯೊಳಗೆ ಹಳದಿ ಬಣ್ಣದ, ಬಾದಾಮಿ ಆಕಾರದ ಚುಕ್ಕಿಗಳು ಇದ್ದರೆ ಅವು ಮೊಟ್ಟೆ. ಒಡೆಯುವ ಹೊತ್ತಿಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಸ್ವಲ್ಪ ಕೆಳಗೆ, ಎಳೆ ದಂಟಿಗೆ ಮತ್ತು ಎಲೆಯ ತೊಟ್ಟಿಗೆ ಅಂಟಿಕೊಂಡು ಚಪ್ಪಟೆಯಾದ ಹಳದಿ ಮರಿಗಳು. ಕಣ್ಣು ಕೆಂಪು. ಇವು ಐದು ಹಂತ ದಾಟಿ ದೊಡ್ಡದಾಗುತ್ತವೆ. ಮೊದಲ ಹಂತದ ಮರಿ ಕಾಲು ಮಿಲಿಮೀಟರ್, ಕೊನೆಯ ಹಂತದ್ದು ಒಂದೂವರೆ ಮಿಲಿಮೀಟರ್ ದಾಟುತ್ತದೆ. ಕೊನೆಯ ಹಂತಗಳಲ್ಲಿ ಎರಡೂ ಪಕ್ಕ ರೆಕ್ಕೆಯ ಮೊಗ್ಗು ಉಬ್ಬಿಕೊಂಡು ಮೈ ಅಗಲವಾಗಿ ಕಾಣುತ್ತದೆ. ಹುಲ್ಲು ಕಡ್ಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಹಾರುವುದಿಲ್ಲ, ಜಿಗಿಯುವುದಿಲ್ಲ. ಬೇಸರದಿಂದ ಅನ್ನುವ ಹಾಗೆ ಒಂದೆರಡು ಹೆಜ್ಜೆ ಜರುಗುತ್ತದೆ, ಅಷ್ಟೆ.

ನೀವು ನೋಡಿದ ಬಿಳಿ ಎಳೆ ಈ ಮರಿಗಳದ್ದೇ. ರಸ ಹೀರುವ ಹುಳಕ್ಕೆ ಹೊಟ್ಟೆ ತುಂಬ ಸಕ್ಕರೆ ನೀರು ಹೋಗುತ್ತದೆ. ಜಾಸ್ತಿ ಆದದ್ದನ್ನು ಹಿಂದಿನಿಂದ ಬಿಡಲೇಬೇಕು. ಸುಮ್ನೆ ಬಿಟ್ಟರೆ ಆ ಅಂಟಿನಲ್ಲಿ ತಾನೇ ಸಿಕ್ಕಿಬೀಳುತ್ತದೆ. ಅದಕ್ಕೆ ಮೇಣದ ಹೊದಿಕೆ ಸುತ್ತಿ, ಸುರುಳಿ ಎಳೆಯಾಗಿ ಹೊರಗೆ ತಳ್ಳುತ್ತದೆ. ಬೆರಳಲ್ಲಿ ಮುಟ್ಟಿದರೆ ಪುಡಿಯಾಗುತ್ತದೆ, ಸ್ವಲ್ಪ ಅಂಟುತ್ತದೆ. ಈ ಸುರುಳಿ ಎಳೆಯ ಒಂದು ಸ್ಪಷ್ಟ ಫೋಟೋ ಇದ್ದರೆ ಗುರುತಿಸುವವರಿಗೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಹಾಗಂತ ಬಿಳಿ ಕಂಡದ್ದೆಲ್ಲ ಸಿಲ್ಲಾ ಅಲ್ಲ. ಹತ್ತಿಯ ಉಂಡೆ ಥರ ಗುಂಪಾಗಿ, ಸಂದಿಗಳಲ್ಲಿ ಕೂತಿದ್ದರೆ ಹಿಟ್ಟು ತಿಗಣೆ. ಕಾಫಿಯಲ್ಲಿ ಬರುತ್ತದಲ್ಲ, ಅದರ ಬಳಗವೇ. ಕೊಂಬೆ ಮೇಲೆ ಬಿಳಿ ಕುಚ್ಚಿನ ಬಾಲ ಹೊತ್ತ ಹುಳ, ಮುಟ್ಟಿದರೆ ಟಪ್ ಅಂತ ಜಿಗಿದರೆ ಅದು ಜಿಗಿಹುಳದ ಮರಿ. ನೋಡಲು ಭಾರಿ ಚೆಂದ. ಹೆದರುವ ಅಗತ್ಯ ಇಲ್ಲ. ಕಪ್ಪು ಅಥವಾ ಕಂದು ಬಣ್ಣದ, ಮೆತ್ತಗಿನ, ಹಿಂಭಾಗದಲ್ಲಿ ಎರಡು ಸಣ್ಣ ಕೊಳವೆ ಇರುವ ಹುಳ ಗಿಡಹೇನು. ಚಿಗುರು ಮುರುಟಿಸುವುದರಲ್ಲಿ ಅದೂ ಕಮ್ಮಿ ಇಲ್ಲ, ಕಿತ್ತಳೆಗೆ ಟ್ರಿಸ್ಟೆಜಾ ಎಂಬ ನಂಜು (ವೈರಸ್) ರೋಗ ಹರಡುವುದೂ ಗಿಡಹೇನುಗಳೇ. ಎಲೆಯೊಳಗೆ ಬೆಳ್ಳಿ ಗೆರೆ ಎಳೆದ ಹಾಗೆ ವಕ್ರವಕ್ರ ದಾರಿ ಇದ್ದರೆ ಅದು ರಸ ಹೀರುವ ಹುಳವೇ ಅಲ್ಲ, ಎಲೆ ಸುರಂಗದ ಹುಳ.

ಈಗ ನಿಮ್ಮ ಮಸುಕು ಫೋಟೋ ವಿಷಯಕ್ಕೆ ಬರೋಣ. ತಪ್ಪು ನಿಮ್ಮ ಮೊಬೈಲಿನದ್ದಲ್ಲ, ದುಬಾರಿ ಕ್ಯಾಮೆರಾ ಕೊಳ್ಳುವ ಯೋಚನೆಯೂ ಬೇಡ. ಮೂರು ಮಿಲಿಮೀಟರಿನ ಹುಳಕ್ಕೆ ಅಂತ ನಾವು ಮೊಬೈಲನ್ನು ಮೂಗಿನ ಹತ್ತಿರ ಹಿಡಿದ ಹಾಗೆ ಹಿಡಿಯುತ್ತೇವೆ. ಹೆಚ್ಚಿನ ಫೋನುಗಳ ಮುಖ್ಯ ಕ್ಯಾಮೆರಾ ಅಷ್ಟು ಹತ್ತಿರದಲ್ಲಿ ಫೋಕಸ್ ಆಗುವುದೇ ಇಲ್ಲ. ಒಂದು ಗೇಣಿನ ಅರ್ಧದಷ್ಟು ದೂರ ಹಿಂದೆ ಬನ್ನಿ. ಚಿತ್ರದಲ್ಲಿ ಹುಳ ಸಣ್ಣದಾಗಿ ಕಾಣಲಿ, ಪರವಾಗಿಲ್ಲ. ಆಮೇಲೆ ಕತ್ತರಿಸಿ ದೊಡ್ಡದು ಮಾಡಬಹುದು. ತೆಗೆಯುವಾಗ ಬೆರಳಲ್ಲಿ ಎಳೆದು ಜೂಮ್ ಮಾಡಬೇಡಿ, ಅದು ವಿವರವನ್ನು ಹೆಚ್ಚಿಸುವುದಿಲ್ಲ.

ಇನ್ನೂ ಹತ್ತಿರದ ಚಿತ್ರ ಬೇಕೆಂದರೆ ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಮ್ಯಾಕ್ರೋ ಲೆನ್ಸ್ ತನ್ನಿ. ಕೆಲವು ನೂರು ರೂಪಾಯಿಯದ್ದೇ ಸಾಕು. ಅದರಲ್ಲಿ ಒಂದು ಗುಟ್ಟು ಇದೆ. ಆ ಲೆನ್ಸ್ ಹಾಕಿದಾಗ ಫೋಕಸ್ ಸಿಗುವ ದೂರ ಹೆಚ್ಚುಕಮ್ಮಿ ಒಂದೇ. ಪರದೆ ಒತ್ತಿ ಒತ್ತಿ ಫೋಕಸ್ ಹುಡುಕಿದರೆ ಸಿಗುವುದಿಲ್ಲ. ನೀವೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಯಬೇಕು. ಸರಿಯುತ್ತಾ ಬಟನ್ ಒತ್ತಿ ಹಿಡಿದರೆ ಸಾಲಾಗಿ ಹತ್ತಾರು ಫೋಟೋ ಬೀಳುತ್ತವೆ. ಅದರಲ್ಲಿ ಒಂದರಲ್ಲಾದರೂ ಹುಳದ ಕಣ್ಣು ಚೂಪಾಗಿ ಬಂದಿರುತ್ತದೆ. ಉಳಿದದ್ದು ಅಳಿಸಿಬಿಡಿ.

ಗಾಳಿ ಇನ್ನೊಂದು ಕಾಟ. ಚಿಗುರು ಮೆತ್ತಗಿರುತ್ತದೆ, ಸಣ್ಣ ಗಾಳಿಗೂ ಆಡುತ್ತದೆ. ಎಡಗೈ ಬೆರಳುಗಳಲ್ಲಿ ಚಿಗುರಿನ ಕೆಳಗಿನ ದಂಟು ಹಿಡಿಯಿರಿ. ಅದೇ ಎಡಗೈ ಮೇಲೆ ಮೊಬೈಲಿನ ಅಂಚು ಊರಿ. ಆಗ ಆಡಿದರೆ ಎರಡೂ ಒಟ್ಟಿಗೆ ಆಡುತ್ತವೆ, ಚಿತ್ರ ಅಲುಗುವುದಿಲ್ಲ. ಮೊಣಕೈ ಮೈಗೆ ಅಂಟಿಸಿಕೊಂಡರೆ ಇನ್ನೂ ಒಳ್ಳೆಯದು. ನಾನು ಕಂಡ ಹಾಗೆ ಈ ಒಂದು ಉಪಾಯದಿಂದಲೇ ಅರ್ಧಕ್ಕರ್ಧ ಮಸುಕು ಹೋಗುತ್ತದೆ.

ಬೆಳಕು ನಮ್ಮ ಕೊಡಗಿನಲ್ಲಿ ಸ್ವಲ್ಪ ತಲೆನೋವು. ಸಿಲ್ವರ್ ಓಕ್, ಹಾಲುವಾಣದ ಮರಗಳ ನೆರಳಲ್ಲಿ ಕ್ಯಾಮೆರಾಕ್ಕೆ ಬೆಳಕು ಸಾಲುವುದಿಲ್ಲ, ಹಾಗಾಗಿ ಕೈ ನಡುಗಿದ್ದೆಲ್ಲ ಚಿತ್ರದಲ್ಲಿ ಬರುತ್ತದೆ. ಬಯಲಿಗೆ ಬಂದರೆ ಮಧ್ಯಾಹ್ನದ ಬಿಸಿಲಿಗೆ ಎಲೆ ಪಳಪಳ ಹೊಳೆದು ಹುಳ ಕರಿ ಚುಕ್ಕಿಯಾಗುತ್ತದೆ. ತೆಳು ಮೋಡದ ದಿನ ಎಲ್ಲಕ್ಕಿಂತ ಒಳ್ಳೆಯದು. ಬಿಸಿಲಿದ್ದರೆ ನಿಮ್ಮ ಮೈಯ ನೆರಳನ್ನು ಚಿಗುರಿನ ಮೇಲೆ ಬೀಳಿಸಿ, ಇನ್ನೊಂದು ಪಕ್ಕದಿಂದ ಬಿಳಿ ಕಾಗದ ಹಿಡಿದು ಬೆಳಕು ತಿರುಗಿಸಿ. ದಟ್ಟ ನೆರಳಾದರೆ ಮನೆಯವರ ಮೊಬೈಲಿನ ಟಾರ್ಚಿಗೆ ಒಂದು ಪದರ ಟಿಶ್ಯೂ ಸುತ್ತಿ ಪಕ್ಕದಿಂದ ಹಿಡಿಸಿ. ನೇರ ಫ್ಲಾಶ್ ಬೇಡ. ಮೇಣದ ಎಳೆ ಎಲ್ಲಾ ಬೆಳ್ಳಗೆ ಸುಟ್ಟು ಹೋಗುತ್ತದೆ.

ಆ ಬಿಳಿ ಎಳೆಯನ್ನು ಆಕಾಶದ ಎದುರು ಹಿಡಿದು ತೆಗೆದರೆ ಏನೂ ಕಾಣುವುದಿಲ್ಲ, ಬಿಳಿಯಲ್ಲಿ ಬಿಳಿ. ಪಕ್ಕದಲ್ಲೇ ರೋಬಸ್ಟಾ ಕಾಫಿ ಗಿಡ ಇದೆ ಅಲ್ವಾ? ಬಲಿತ ದೊಡ್ಡ ಎಲೆ ಒಂದು ಕಿತ್ತು ಚಿಗುರಿನ ಹಿಂದೆ ಹಿಡಿಯಿರಿ. ಆ ಕಡು ಹಸಿರಿನ ಮುಂದೆ ಮೇಣದ ಒಂದೊಂದು ಸುರುಳಿಯೂ ಎದ್ದು ಕಾಣುತ್ತದೆ. ಸ್ಟುಡಿಯೋ ಪರದೆಗೆ ದುಡ್ಡು ಕೊಡುವವರು ಇದನ್ನು ನೋಡಬೇಕು.

ರೆಕ್ಕೆ ಇರುವ ದೊಡ್ಡ ಹುಳದ ಫೋಟೋವನ್ನು ಮೇಲಿನಿಂದ ತೆಗೆಯಬೇಡಿ. ಮೇಲಿನಿಂದ ನೋಡಿದರೆ ಯಾವುದೋ ಕಂದು ಚೂರು ಅನ್ನಿಸುತ್ತದೆ, ಆ ಓರೆ ಕಾಣುವುದೇ ಇಲ್ಲ. ಎಲೆಯ ಮಟ್ಟಕ್ಕೆ ಬಗ್ಗಿ ಪಕ್ಕದಿಂದ ತೆಗೆಯಿರಿ. ರೆಕ್ಕೆಯಲ್ಲಿ ಕಂದು ಮಚ್ಚೆ, ಅಂಚಿನಲ್ಲಿ ಕಂದು ಪಟ್ಟಿ, ಕೆಂಪಗಿನ ಕಣ್ಣು, ಮೀಸೆಯ ತುದಿ ಕಪ್ಪು, ಇಷ್ಟು ಬಂದರೆ ಸಾಕು. ಹತ್ತಿರ ಹೋಗುವಾಗ ನಿಮ್ಮ ನೆರಳು ಅದರ ಮೇಲೆ ಒಮ್ಮೆಲೇ ಬೀಳಬಾರದು. ತಂಪು ಹೊತ್ತಿನಲ್ಲಿ ಅದು ಮಂಕಾಗಿ ಕೂತಿರುತ್ತದೆ, ಬಿಸಿಲೇರಿದ ಮೇಲೆ ಚುರುಕು. ಹಾಗಂತ ಬೆಳಕು ಹರಿಯುವ ಮುಂಚೆ ಕ್ಯಾಮೆರಾ ಹಿಡಿದು ಒಬ್ಬರೇ ತೋಟಕ್ಕೆ ಇಳಿಯಬೇಡಿ. ನಿಮ್ಮ ಕಡೆ ಆನೆ ತಿರುಗುವುದು ನಾನು ಹೇಳಬೇಕಾಗಿಲ್ಲ. ಕೆಲಸದವರು ಬರುವ ಹೊತ್ತಿಗೆ ಹೋದರೂ ಹುಳ ಅಲ್ಲೇ ಇರುತ್ತದೆ.

ಅಳತೆ ತಿಳಿಯಲು ಒಂದು ಚಿತ್ರದಲ್ಲಾದರೂ ಸ್ಕೇಲಿನ ಮಿಲಿಮೀಟರ್ ಗೆರೆ ಬರಲಿ. ಇಡೀ ಮರದ್ದೊಂದು, ಕೊಂಬೆಯದ್ದೊಂದು, ಚಿಗುರಿನದ್ದೊಂದು ಫೋಟೋ ಇರಲಿ. ಬರೀ ಹುಳದ ಚಿತ್ರ ಕಳಿಸಿದರೆ ಮರ ಹೇಗಿದೆ ಅಂತ ಗೊತ್ತಾಗುವುದಿಲ್ಲ. ಆ ಮರಕ್ಕೆ ಒಂದು ಬಣ್ಣದ ದಾರ ಕಟ್ಟಿ ನಂಬರ್ ಕೊಡಿ, ತಾರೀಕು ಬರೆದಿಡಿ. ವಾಟ್ಸ್ಯಾಪ್‌ನಲ್ಲಿ ಕಳಿಸುವಾಗ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲವಾದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ನೀವು ಕಷ್ಟಪಟ್ಟ ಸಣ್ಣ ವಿವರ ಎಲ್ಲಾ ಹೋಗುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಈ ಹುಳ ರಸ ಹೀರುವುದು ದೊಡ್ಡ ಸಮಸ್ಯೆ ಅಲ್ಲ. ಚಿಗುರು ಸ್ವಲ್ಪ ಮುರುಟಬಹುದು, ಅಂಟಿನ ಮೇಲೆ ಕಪ್ಪು ಬೂಷ್ಟು ಕಟ್ಟಬಹುದು. ಅದನ್ನು ಬಲಿತ ಮರ ತಾಳಿಕೊಳ್ಳುತ್ತದೆ. ತಾಳಲಾರದ್ದು ಅದು ಹೊತ್ತು ತರುವ ಗ್ರೀನಿಂಗ್ ರೋಗ. ಮರದ ಆಹಾರ ಸಾಗುವ ನಾಳದಲ್ಲಿ ಕೂರುವ ಬ್ಯಾಕ್ಟೀರಿಯಾದಿಂದ ಬರುವ ರೋಗ ಇದು. ಈ ಹುಳವೇ ಅದನ್ನು ಹರಡುತ್ತದೆ ಅಂತ ನಮ್ಮ ದೇಶದ ವಿಜ್ಞಾನಿಗಳು 1967ರಲ್ಲೇ ತೋರಿಸಿದ್ದಾರೆ. ರೋಗದ ಮರದ ಚಿಗುರಿನಲ್ಲಿ ಬೆಳೆದ ಮರಿ ರೆಕ್ಕೆ ಬಂದ ಮೇಲೆ ಬ್ಯಾಕ್ಟೀರಿಯಾವನ್ನು ಹೊತ್ತುಕೊಂಡೇ ಹಾರುತ್ತದೆ. ಬದುಕಿರುವಷ್ಟು ದಿನ ಹರಡಬಲ್ಲದು. ರೋಗ ಬಂದ ಮರಕ್ಕೆ ವಾಸಿ ಮಾಡುವ ಮದ್ದು ಇಲ್ಲ. ಅಮೆರಿಕದ ಫ್ಲೋರಿಡಾದಲ್ಲಿ 1998ರಲ್ಲಿ ಹುಳ ಕಂಡಿತು, 2005ರಲ್ಲಿ ರೋಗ ಕಂಡಿತು. ಅಲ್ಲಿನ ಕಿತ್ತಳೆ ಉದ್ಯಮ ಇವತ್ತಿಗೂ ಚೇತರಿಸಿಕೊಂಡಿಲ್ಲ. ನಮ್ಮ ಕೊಡಗಿನ ಕಿತ್ತಳೆ ಕುಸಿದದ್ದಕ್ಕೆ ಬೇರು ಕೊಳೆ, ಟ್ರಿಸ್ಟೆಜಾ ಹೀಗೆ ಹಲವು ಕಾರಣ ಇವೆ. ಆ ಪಟ್ಟಿಯಲ್ಲಿ ಗ್ರೀನಿಂಗ್ ಕೂಡ ಇದೆ.

ಆದ್ದರಿಂದ ಹುಳದ ಜೊತೆಗೆ ಎಲೆಯ ಫೋಟೋ ಕೂಡ ಬೇಕು. ಹಳದಿ ಮಚ್ಚೆ ಇರುವ ಬಲಿತ ಎಲೆಯೊಂದನ್ನು ಬೆಳಕಿಗೆ ಹಿಡಿದು, ಬೆಳಕು ಎಲೆಯ ಮೂಲಕ ಬರುವ ಹಾಗೆ ತೆಗೆಯಿರಿ. ಆಮೇಲೆ ಒಂದು ಪೆನ್ ತಗೊಳ್ಳಿ. ಎಲೆಯ ನಡು ನರದ ಎಡಕ್ಕೆ ಹಳದಿ ಇರುವಲ್ಲಿ ಒಂದು ಸಣ್ಣ ಸುತ್ತು ಬರೆಯಿರಿ. ಬಲಕ್ಕೆ ಅದೇ ಜಾಗದಲ್ಲಿ ಇನ್ನೊಂದು ಸುತ್ತು. ಎಲೆಯ ಉದ್ದಕ್ಕೂ ನಾಲ್ಕಾರು ಜೋಡಿ ಹೀಗೆ ಮಾಡಿ. ಎರಡೂ ಸುತ್ತಿನೊಳಗೆ ಬಣ್ಣ ಒಂದೇ ಥರ ಇದ್ದರೆ ಅದು ಹೆಚ್ಚಾಗಿ ಸತುವಿನಂಥ ಪೋಷಕಾಂಶದ ಕೊರತೆ. ಒಂದು ಪಕ್ಕ ಹಳದಿ, ಇನ್ನೊಂದು ಪಕ್ಕ ಹಸಿರು, ಹೀಗೆ ಅಡ್ಡಾದಿಡ್ಡಿ ಇದ್ದರೆ ಗ್ರೀನಿಂಗ್ ಅನುಮಾನ. ಆ ಪೆನ್ ಗುರುತು ಇರುವ ಎಲೆಯ ಫೋಟೋ ಒಂದು ಪುಟದ ವಿವರಣೆಗಿಂತ ಜಾಸ್ತಿ ಹೇಳುತ್ತದೆ. ಹಣ್ಣು ಇದ್ದರೆ ಅದನ್ನೂ ನೋಡಿ. ಓರೆಯಾದ ಸಣ್ಣ ಹಣ್ಣು, ತುದಿ ಹಸಿರಾಗೇ ಉಳಿದದ್ದು, ಕೊಯ್ದರೆ ಒಳಗೆ ಕಪ್ಪಗೆ ಸೊರಗಿದ ಬೀಜ, ಇವೆಲ್ಲ ಅದೇ ಕಡೆ ಬೆರಳು ಮಾಡುತ್ತವೆ. ಇಡೀ ಮರ ಹಳದಿಯಾಗಿದ್ದರೆ ಮೊದಲು ಬುಡದಲ್ಲಿ ನೀರು ನಿಲ್ಲುತ್ತದೆಯಾ ನೋಡಿ. ಗ್ರೀನಿಂಗ್ ಶುರುವಾಗುವುದು ಸಾಮಾನ್ಯವಾಗಿ ಒಂದೋ ಎರಡೋ ಕೊಂಬೆಯಿಂದ. ಕೊನೆಯ ಮಾತು ಪ್ರಯೋಗಾಲಯದಲ್ಲಿ ರೋಗಾಣುವನ್ನು ಹುಡುಕುವ ಪಿಸಿಆರ್ ಪರೀಕ್ಷೆಯದ್ದೇ, ಫೋಟೋದ್ದಲ್ಲ. ಮತ್ತೆ, ರೋಗ ತಗುಲಿದ ಮೇಲೂ ಮರ ತಿಂಗಳುಗಟ್ಟಲೆ ಚೆನ್ನಾಗೇ ಕಾಣಬಹುದು.

ಎಷ್ಟು ಹುಳ ಇದೆ ಅಂತ ತಿಳಿಯುವುದು ಸುಲಭ. ಬಿಳಿ ಕಾಗದ ಅಥವಾ ಬಿಳಿ ತಟ್ಟೆಯನ್ನು ಕೊಂಬೆ ಕೆಳಗೆ ಹಿಡಿದು, ಕೋಲಿನಿಂದ ಕೊಂಬೆಗೆ ಮೂರು ಸಲ ತಟ್ಟಿ. ಬಿದ್ದ ಹುಳ ಎಣಿಸಿ, ತಟ್ಟೆಯದ್ದೇ ಒಂದು ಫೋಟೋ ತೆಗೆಯಿರಿ. ತೋಟದ ಅಂಚಿನ, ಬಿಸಿಲು ಬೀಳುವ ಗಿಡಗಳಿಂದ ಶುರು ಮಾಡಿ, ಹುಳ ಅಲ್ಲಿ ಜಾಸ್ತಿ. ಜೋರು ಮಳೆಗಾಲದಲ್ಲಿ ಮೊಟ್ಟೆ, ಮರಿ ಎಲ್ಲಾ ತೊಳೆದು ಹೋಗಿ ಸಂಖ್ಯೆ ತಾನಾಗಿ ಇಳಿಯುತ್ತದೆ. ಆಗ ಜಿಗಣೆ ಕಡಿಸಿಕೊಂಡು ಹುಡುಕಿ ಪ್ರಯೋಜನ ಇಲ್ಲ. ಹೂಮಳೆ ನಂತರದ ಚಿಗುರು, ಮಳೆ ಹಿಂದೆ ಸರಿದ ಮೇಲಿನ ಚಿಗುರು, ಈ ಎರಡು ಹೊತ್ತಿನಲ್ಲಿ ತಪ್ಪದೆ ನೋಡಿ.

ಇನ್ನೊಂದು ಜಾಗ ಎಲ್ಲರೂ ಮರೆಯುತ್ತಾರೆ. ಅಡುಗೆಮನೆ ಹಿಂದಿನ ಕರಿಬೇವು. ಸಿಲ್ಲಾಕ್ಕೆ ಅದೂ ಇಷ್ಟ. ತೋಟದಲ್ಲಿ ಏನು ಮಾಡಿದರೂ ಹುಳ ಮತ್ತೆ ಮತ್ತೆ ಬರುತ್ತಿದ್ದರೆ ಒಮ್ಮೆ ಅಲ್ಲಿ ಚಿಗುರು ತಿರುಗಿಸಿ ನೋಡಿ. ಫೋಟೋ ಅಭ್ಯಾಸ ಮಾಡುವುದಕ್ಕೂ ಅದೇ ಒಳ್ಳೆಯ ಗಿಡ, ಎತ್ತರ ಕಮ್ಮಿ.

ಔಷಧಿ ವಿಷಯ. ಪಕ್ಕದ ತೋಟದವರ ಕಾಳಜಿ ಸರಿ, ಅವಸರ ಸರಿಯಲ್ಲ. ಈ ಚಿಗುರಿನ ಜೊತೆಗೇ ಕಿತ್ತಳೆ ಹೂವೂ ಬರುತ್ತದೆ, ಕಾಫಿ ಹೂವಿನ ಕಾಲವೂ ಹೆಚ್ಚುಕಮ್ಮಿ ಇದೇ. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಗಾಳಿ ಮತ್ತು ಜೇನು ಬೇಕು. ಹೂವಿರುವಾಗ ಕೀಟನಾಶಕ ಹೊಡೆದು ಜೇನು ಕೊಂದರೆ ಒಂದು ಬೆಳೆ ಉಳಿಸಲು ಹೋಗಿ ಇನ್ನೊಂದಕ್ಕೆ ಪೆಟ್ಟು ಕೊಟ್ಟ ಹಾಗೆ.

ಹೊಡೆಯುವ ಮುಂಚೆ ಇನ್ನೊಂದು ಫೋಟೋ ತೆಗೆಯಿರಿ. ಮರಿಗಳ ನಡುವೆ ಕೆಲವು ಕಂದಾಗಿ, ಉಬ್ಬಿ, ಒಣಗಿ ಎಲೆಗೆ ಅಂಟಿಕೊಂಡಿವೆಯಾ? ಅದರ ಎದೆಯ ಭಾಗದಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ದುಂಡಗಿನ ತೂತು ಇದೆಯಾ? ಇದ್ದರೆ ಅದು ಟಮರಿಕ್ಸಿಯಾ ಎಂಬ ಪುಟ್ಟ ಕಣಜದ ಕೆಲಸ. ಅದು ಮರಿಯ ಅಡಿಯಲ್ಲಿ ಮೊಟ್ಟೆ ಇಡುತ್ತದೆ. ಕಣಜದ ಮರಿ ಸಿಲ್ಲಾ ಮರಿಯನ್ನು ತಿಂದು ಮುಗಿಸಿ, ಬೆನ್ನು ಕೊರೆದು ಹೊರಗೆ ಬರುತ್ತದೆ. ತೂತು ಬಿದ್ದ ಮರಿಗಳು, ಗುಲಗಂಜಿ ಹುಳ, ಜೇಡ ಜಾಸ್ತಿ ಕಂಡರೆ ಕಡು ವಿಷ ಹೊಡೆದು ಅವನ್ನು ಕೊಲ್ಲುವುದು ದಡ್ಡತನ. ಇರುವೆ ಸಾಲು ಚಿಗುರಿಗೆ ಹತ್ತುತ್ತಿದ್ದರೆ ಮಾತ್ರ ಅದನ್ನು ತಡೆಯಿರಿ. ಸಿಹಿ ಅಂಟಿನ ಆಸೆಗೆ ಇರುವೆಗಳು ಮರಿಗಳನ್ನು ಕಾಯುತ್ತವೆ, ಕಣಜವನ್ನು ಹತ್ತಿರ ಬಿಡುವುದಿಲ್ಲ.

ಬಲಿತ ಮರಗಳಲ್ಲಿ ಅಲ್ಲೊಂದು ಇಲ್ಲೊಂದು ಚಿಗುರಿಗೆ ಹುಳ ಇದ್ದರೆ ಆ ತುದಿಗಳನ್ನು ಚಿವುಟಿ, ಸೋಪಿನ ನೀರಿನ ಬಕೆಟ್ಟಿಗೆ ಹಾಕಿ. ಜಾಸ್ತಿ ಇದ್ದರೆ ಹೂ ಉದುರಿದ ಮೇಲೆ ಸಂಜೆ ಹೊತ್ತು ಬೇವಿನ ಸೋಪು ಅಥವಾ ಬೇವಿನೆಣ್ಣೆ, ಪ್ಯಾಕೆಟ್ಟಿನಲ್ಲಿ ಹೇಳಿದ ಪ್ರಮಾಣದಲ್ಲಿ, ಚಿಗುರಿನ ಮಡಿಕೆಗೆ ತಾಗುವ ಹಾಗೆ ಹೊಡೆಯಿರಿ. ಎಳೆ ಗಿಡ ಮತ್ತು ನರ್ಸರಿಯ ಲೆಕ್ಕ ಬೇರೆ. ಅಲ್ಲಿ ಹುಳ ಕಂಡರೆ ಕಾಯುವುದು ಬೇಡ, ಯಾವ ಕೀಟನಾಶಕ, ಎಷ್ಟು ಅಂತ ಕೂಡಲೇ ಕೇಳಿ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ, ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ, ಎರಡೂ ನಿಮಗೆ ದೂರ ಅಲ್ಲ. ಚೆಟ್ಟಳ್ಳಿಯವರಿಗೆ ಕೊಡಗಿನ ಕಿತ್ತಳೆಯ ಕಷ್ಟಸುಖ ಚೆನ್ನಾಗಿ ಗೊತ್ತು.

ಹೋಗುವಾಗ ಒಂದು ಎಚ್ಚರ. ಹುಳ ಇರುವ ಕೊಂಬೆ ಮುರಿದು ಬಸ್ಸಿನಲ್ಲೋ ಜೀಪಿನಲ್ಲೋ ಹಿಡಿದುಕೊಂಡು ಹೋಗಬೇಡಿ. ದಾರಿಯುದ್ದಕ್ಕೂ ಬೇರೆಯವರ ತೋಟಕ್ಕೆ ಹುಳ ಹಂಚಿದ ಹಾಗಾಗುತ್ತದೆ. ನಾಲ್ಕೈದು ಹುಳಗಳನ್ನು ಸ್ಪಿರಿಟ್ ಹಾಕಿದ ಸಣ್ಣ ಬಾಟಲಿಗೆ ಹಾಕಿ ಮುಚ್ಚಿ. ಅನುಮಾನದ ಬಲಿತ ಎಲೆಗಳಿಗೆ ಹುಳ, ಮರಿ ಅಂಟಿಲ್ಲ ಅಂತ ನೋಡಿಕೊಂಡು ಬಿಗಿಯಾದ ಪ್ಲಾಸ್ಟಿಕ್ ಕವರಿಗೆ ಹಾಕಿ. ಮೇಲೆ ಮರದ ನಂಬರ್ ಬರೆಯಿರಿ, ಫೋಟೋದಲ್ಲಿರುವ ನಂಬರ್ ಮತ್ತು ಇದು ಒಂದೇ ಇರಲಿ.